ಬೊನಿಫಾಸ್ ಮಾಡಿದ ನಕ್ಷತ್ರ

ಮಸ್ಕತ್ತಿನ ಘಾಲಾದ ಗ್ಯಾರೇಜು ಸಾಲಿನಲ್ಲಿ ಡೆಂಟಿಂಗ್ ಕೆಲಸಕ್ಕೆ ಬೊನಿಫಾಸ್‌ನನ್ನು ಮೀರಿಸುವವರಿರಲಿಲ್ಲ. ಇಬ್ರಿಯ ರಸ್ತೆಯಲ್ಲಿ ಒಂಟೆಗೆ ಗುದ್ದಿ ಮೂತಿ ಜಜ್ಜಿಹೋದ ಲ್ಯಾಂಡ್‌ಕ್ರೂಸರನ್ನು ಎಳೆದು ತಂದು ಅವನ ಮುಂದೆ ನಿಲ್ಲಿಸಿದರೆ ಸಾಕು. ತಗಡನ್ನು ಒಳಗಿನಿಂದ ಬಡಿದು, ಹೊರಗಿನಿಂದ ಉಜ್ಜಿ, ಪುಟ್ಟಿ ಹಾಕಿ, ಬಣ್ಣ ಹೊಡೆದು, ಅಪಘಾತ ಆದದ್ದೇ ಸುಳ್ಳು ಅನ್ನುವ ಹಾಗೆ ಮಾಡಿ ಕೊಡುತ್ತಿದ್ದ. ಪೆಟ್ಟು ಬಿದ್ದ ಗುರುತು ಯಾರ ಕಣ್ಣಿಗೂ ಕಾಣಬಾರದು, ಅದೇ ಅವನ ಹೆಮ್ಮೆ. ಮನೆಯಲ್ಲಿ ಹೆಂಡತಿಯ ಮೈಮೇಲೆ ಅವನು ಹಾಕುತ್ತಿದ್ದ ಪೆಟ್ಟುಗಳಿಗೆ ಮಾತ್ರ ಪುಟ್ಟಿ ಬಳಿಯುವ ಕೆಲಸ ಹೆಂಡತಿಯ ಪಾಲಿಗೇ ಬಿದ್ದಿತ್ತು.

ಹೆಂಡತಿಯ ಹೆಸರು ಎಸ್ತರ್. ಶಿರ್ವದ ಕಡೆಯವಳು, ಮದುವೆಯಾಗಿ ಮಸ್ಕತ್ತಿಗೆ ಬಂದು ಹನ್ನೊಂದು ವರ್ಷ. ಕಲ್ಲು ಕಾದು ಬಿರಿಯುವ ಜೂನ್ ತಿಂಗಳಲ್ಲೂ ಅವಳು ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಡುತ್ತಿದ್ದಳು. ಕೆನ್ನೆಗೆ ಪೌಡರು ಒಂದು ಪದರ ಜಾಸ್ತಿ. ಶುಕ್ರವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದಾಗ ಯಾರಾದರೂ "ಎಂತ ಆಯ್ತು ಎಸ್ತರ್?" ಅಂದರೆ ಉತ್ತರ ಸಿದ್ಧವಾಗಿತ್ತು: ಬಾತ್‌ರೂಮಿನಲ್ಲಿ ಜಾರಿದೆ. ಕೇಳಿದವರು "ಹೌದಾ, ಜಾಗ್ರತೆ ಮಾರಾಯ್ತಿ" ಎಂದು ಕಾರು ಹತ್ತುತ್ತಿದ್ದರು. ಅವಳು ಜಾರಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಇಷ್ಟು ಜನ ಮರ್ಯಾದಸ್ಥರು ಸೇರಿ ಒಂದು ಸುಳ್ಳನ್ನು ಹೆಗಲ ಮೇಲೆ ಹೊತ್ತು ಮೆರೆಸುವುದನ್ನು ನೋಡಿದರೆ ಎಂಥವರಿಗೂ ಮೈ ಉರಿಯಬೇಕು. ಕೊಂಕಣಿ ಬಳಗದ ಹಿರಿಯಳು ಮಾರ್ಗರೆಟ್ ಬಾಯಿಯಂತೂ ಎಸ್ತರಳ ತುಟಿ ಒಡೆದ ವಾರ ರಬ್ಬರಿನ ಕಾಲೊರಸು ಒಂದನ್ನು ಸುತ್ತಿ ತಂದು ಕೊಟ್ಟಳು. "ಇದನ್ನು ಬಾತ್‌ರೂಮಿನಲ್ಲಿ ಹಾಸು ಪುತಾ, ಇನ್ನು ಜಾರುವುದಿಲ್ಲ" ಅಂದಳು. ಎಸ್ತರ್ ಅದನ್ನು ಹಾಸಿದಳು ಕೂಡ.

ಈ ಸುಳ್ಳಿಗೆ ಸೊಪ್ಪು ಹಾಕದವಳು ಒಬ್ಬಳೇ, ಎದುರು ಫ್ಲ್ಯಾಟಿನ ಹರಿಣಾಕ್ಷಿ. ಮೂಲ್ಕಿಯ ಹೆಣ್ಣು, ಮನೆಮಾತು ತುಳು, ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವಳ ಗಂಡ ಭೋಜರಾಜ ಮಸ್ಕತ್ತಿನ ಒಂದು ಸಣ್ಣ ಖಾಸಗಿ ಮ್ಯೂಸಿಯಮ್ಮಿನಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದ. ಅರಬ್ಬಿ ಚೆನ್ನಾಗಿ ಬರುತ್ತಿತ್ತು. ಮ್ಯೂಸಿಯಮ್ಮಿನ ಗಾಡಿಗಳೆಲ್ಲ ರಿಪೇರಿಗೆ ಹೋಗುತ್ತಿದ್ದದ್ದು ಬೊನಿಫಾಸ್ ಫೋರ್‌ಮನ್ ಆಗಿದ್ದ ಗ್ಯಾರೇಜಿಗೆ. ಆ ಪರಿಚಯ ಹಿಡಿದುಕೊಂಡು, ಹೆಂಡತಿಯ ಕಾಟ ತಾಳಲಾರದೆ, ಭೋಜರಾಜ ಒಮ್ಮೆ ಗ್ಯಾರೇಜಿನ ಒಡೆಯ ಸಾಲಿಂ ಅರ್ಬಾಬನ ಕಿವಿಯಲ್ಲಿ ವಿಷಯ ಹಾಕಿದ. ಅರ್ಬಾಬನೇ ಬೊನಿಫಾಸ್‌ನ ಕಫೀಲ್, ವೀಸಾ ಕೊಟ್ಟವನು. ಅವನು ಮನಸ್ಸು ಮಾಡಿದರೆ ಯಾವ ಮಾತೂ ನಡೆಯುತ್ತಿತ್ತು. ಹಳೇ ಕಾಲದ ಮನುಷ್ಯ, ಗ್ಯಾರೇಜಿಗೆ ಊಟ ತಂದ ಎಸ್ತರಳನ್ನು ಕರೆದು ನೇರವಾಗಿ ಕೇಳಿಯೇಬಿಟ್ಟ. ಪಕ್ಕದಲ್ಲೇ ಗಂಡ ಸ್ಪ್ಯಾನರು ಒರೆಸುತ್ತ ನಿಂತಿದ್ದ. ಎಸ್ತರ್ ತಲೆ ತಗ್ಗಿಸಿ ಹಿಂದಿಯಲ್ಲಿ "ಬಾತ್‌ರೂಮ್ ಮೇ ಗಿರ್ ಗಯೀ" ಅಂದಳು.

ಅರ್ಬಾಬ್ ಭೋಜರಾಜನ ಮೇಲೆ ಹರಿಹಾಯ್ದ. "ಇನ್ನೊಬ್ಬನ ಮನೆಯೊಳಗೆ ನಿನ್ನ ಮಾತು ಕೇಳಿ ನಾನು ಕಾಲಿಡುವುದಿಲ್ಲ. ಅವಳು ತನ್ನ ಬಾಯಿಯಿಂದ ನಾಲ್ಕು ಜನರ ಎದುರು ಹೇಳಲಿ, ಪಾಸ್‌ಪೋರ್ಟು ಕೈಗಿಟ್ಟು ಊರಿಗೆ ಕಳಿಸುವ ಜವಾಬ್ದಾರಿ ನನ್ನದು" ಎಂದ. ಪಾಸ್‌ಪೋರ್ಟುಗಳು ಗ್ಯಾರೇಜಿನ ಕಬ್ಬಿಣದ ಕಪಾಟಿನಲ್ಲಿದ್ದವು. ಅದರ ಕೀಲಿಕೈ ಬೊನಿಫಾಸ್‌ನ ಬೆಲ್ಟಿನಲ್ಲಿತ್ತು. ಅಂದು ಮನೆಗೆ ಬಂದ ಮೇಲೆ ಆ ಬೆಲ್ಟೇ ಬಿಚ್ಚಿಕೊಂಡಿತು. "ಭೋಜರಾಜನಿಗೆ ಯಾರು ಹೇಳಿದ್ದು? ಯಾರು ಹೇಳಿದ್ದು?" ಎಂದು ಕೇಳಿದಷ್ಟು ಸಲವೂ ಹೊಡೆದ. ಬಕಲು ತಾಗಿದ ಕಡೆ ಬೆನ್ನು ಹರಿಯಿತು.

ಅಷ್ಟನ್ನೂ ಎಸ್ತರ್ ನುಂಗಿಕೊಂಡಳು. ನುಂಗಲಾಗದ್ದು ಬಂದದ್ದು ತೊಂಬತ್ತೆರಡರ ಆಗಸ್ಟಿನಲ್ಲಿ. ಹತ್ತು ವರ್ಷದ ಮಗಳು ರೋಸ್ ಹೋಮ್‌ವರ್ಕಿನ ನಡುವೆ, ಅಪ್ಪ ನೀರು ಕೇಳಿದಾಗ, ತಲೆಯೆತ್ತದೆ "ಒನ್ ಮಿನಿಟ್, ಡ್ಯಾಡಿ" ಅಂದಳು. ಅವನು ಎದ್ದು ಬಂದು ಎಡಗಿವಿಯ ಮೇಲೆ ಅಂಗೈ ಬೀಸಿದ. ಕುರ್ಚಿ ಸಮೇತ ಮಗು ಗೋಡೆಗೆ ಬಡಿಯಿತು. ಕಿವಿಯಿಂದ ಸ್ವಲ್ಪ ರಕ್ತ ಬಂತು, ಆಮೇಲೆ ನಿಂತಿತು. ಅಂದಿನಿಂದ ರೋಸ್ ಯಾರೇ ಮಾತಾಡಿದರೂ ತಲೆ ತಿರುಗಿಸಿ ಬಲಗಿವಿ ಕೊಡುತ್ತಿದ್ದಳು. ಆ ತಲೆ ತಿರುಗಿಸುವುದನ್ನು ನೋಡಿ ನೋಡಿ ಎಸ್ತರ್ ಒಂದು ರಾತ್ರಿ ಊಟದ ಹೊತ್ತಿಗೆ ಬಾಯಿಬಿಟ್ಟಳು.

"ನಾನು ಮಗಳನ್ನು ಕರೆದುಕೊಂಡು ಊರಿಗೆ ಹೋಗ್ತೇನೆ" ಎಂದಳು.

"ಹೋಗು" ಎಂದ ಬೊನಿಫಾಸ್, ಮೀನಿನ ಮುಳ್ಳು ಬಿಡಿಸುತ್ತ. "ನೀನು ಹೋಗು. ಮಗಳು ಇಲ್ಲೇ ಇರ್ತಾಳೆ. ಅವಳಿಗೆ ಬುದ್ಧಿ ಕಲಿಸ್ಲಿಕ್ಕೆ ನಾನಿದ್ದೇನೆ."

ಮಗಳನ್ನು ಇವನ ಕೈಗೆ ಬಿಟ್ಟು ಹೋಗುವುದೆಂದರೆ ಅವಳ ಇನ್ನೊಂದು ಕಿವಿಯನ್ನೂ ಬಿಟ್ಟು ಹೋದ ಹಾಗೆ. ಎಸ್ತರ್ ಹರಿಣಾಕ್ಷಿಯ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತಳು.

"ಅತ್ತು ಎಂತ ಮಾಡ್ತೀರಿ ಬಾಯಿ?" ಹರಿಣಾಕ್ಷಿ ಸೌಟು ಹಿಡಿದುಕೊಂಡೇ ಬಂದು ಎದುರು ಕೂತಳು. "ಅರ್ಬಾಬ್ ಹೇಳಿದ್ದು ಕೇಳಲಿಲ್ವಾ? ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿ. ನೀವು ಜಾರಿದೆ ಜಾರಿದೆ ಅಂತ ಹೇಳ್ತಾ ಕೂತರೆ ಯಾರಿಗೆ ಎಂತ ಮಾಡ್ಲಿಕ್ಕೆ ಆಗ್ತದೆ?"

"ಬಾಯಿಗೆ ಬರುವುದಿಲ್ಲ ಅಕ್ಕ. ಎಲ್ಲರ ಮುಖ ನೋಡಿದ ಕೂಡಲೇ ಜಾರಿದೆ ಅಂತಲೇ ಬರ್ತದೆ."

ಅದು ನಿಜವಾಗಿತ್ತು. ಹನ್ನೊಂದು ವರ್ಷ ಉರು ಹೊಡೆದ ಪಾಠ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಆ ವರ್ಷ ಕೊಲಂಬಸ್ ಹಡಗು ಹತ್ತಿ ಐನೂರು ವರ್ಷವಾಯಿತೆಂದು ಪ್ರಪಂಚದ ಅಲ್ಲಲ್ಲಿ ಗದ್ದಲ ನಡೆದಿತ್ತು. ಭೋಜರಾಜನ ಮ್ಯೂಸಿಯಮ್ಮೂ ಅಕ್ಟೋಬರಿನ ಒಂದು ಶುಕ್ರವಾರ ಸ್ಪ್ಯಾನಿಷ್ ಪರಂಪರೆಯ ಕುಟುಂಬ ದಿನ ಇಟ್ಟುಕೊಂಡಿತು. ಅದರ ಮುಂದಾಳು ಪಿಲಾರ್ ಎಂಬ ಮೆಕ್ಸಿಕೋದ ಹೆಂಗಸು. ಗಂಡ ಎಣ್ಣೆ ಕಂಪನಿಯ ಎಂಜಿನಿಯರು. ಗೋಡೆಗೆಲ್ಲ ಚಿತ್ರ ತೂಗು ಹಾಕಿದಳು, ಮಕ್ಕಳಿಗೆ ಕಾಗದದ ಹೂ ಮಾಡಲು ಮೇಜು ಜೋಡಿಸಿದಳು. ಆದರೆ ಆ ಪರಂಪರೆಯವರು ಮಸ್ಕತ್ತಿನಲ್ಲಿ ಎಷ್ಟು ಜನ ಸಿಕ್ಕಾರು? ಆಗ ಭೋಜರಾಜ ತಲೆ ಓಡಿಸಿದ. "ನಮ್ಮ ಮಂಗಳೂರಿನ ಕ್ರಿಶ್ಚನ್ ಪೊರ್ಬುಗಳಿದ್ದಾರಲ್ಲ ಮೇಡಂ. ಲೋಬೊ, ಪಿಂಟೊ, ಮಿನೇಜಸ್, ಎಲ್ಲ ನಿಮ್ಮ ಹೆಸರುಗಳೇ" ಎಂದ. ಸ್ಪೇನ್ ಬೇರೆ, ಪೋರ್ಚುಗಲ್ ಬೇರೆ ಎಂದು ಅವನಿಗೆ ಹೇಳುವವರು ಯಾರು? ಪಿಲಾರ್ ನಕ್ಕು ಒಪ್ಪಿದಳು. ಹಬ್ಬಕ್ಕೆ ಇಡ್ಲಿಯಂಥ ಸನ್ನಣ ಹೊಯ್ಯುವ ನಮ್ಮ ಶಿರ್ವ, ಕಲ್ಯಾಣಪುರದ ಬಾಯಿಗಳೆಲ್ಲ ಒಂದೇ ದಿನದಲ್ಲಿ ಕೊಲಂಬಸ್ಸನ ನೆಂಟರಾದರು.

ಪಿಲಾರ್‌ಗೆ ಒಂದು ನಕ್ಷತ್ರ ಬೇಕಾಗಿತ್ತು. ಅವರ ಕಡೆ ಹಬ್ಬಕ್ಕೆ ಏಳು ಮೂಲೆಯ ಕಾಗದದ ನಕ್ಷತ್ರ ಮಾಡಿ, ಹೊಟ್ಟೆಯೊಳಗೆ ಮಿಠಾಯಿ ತುಂಬಿ, ಹಗ್ಗದಲ್ಲಿ ತೂಗು ಹಾಕುತ್ತಾರೆ. ಮಕ್ಕಳು ಕಣ್ಣು ಕಟ್ಟಿಕೊಂಡು ಕೋಲಿನಿಂದ ಹೊಡೆದು ಒಡೆಯಬೇಕು. ಏಳು ಮೂಲೆ ಅಂದರೆ ಏಳು ಪಾಪಗಳು ಎಂದು ಅವಳು ವಿವರಿಸಿದಾಗ ನಮ್ಮವರಿಗೆ ಆಶ್ಚರ್ಯವಾಗಲಿಲ್ಲ. ಆ ಏಳನ್ನೂ ಚಿಕ್ಕಂದಿನಲ್ಲೇ ಇಗರ್ಜಿಯ ಧರ್ಮಪಾಠದ ದೊತೊರ್ನ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದವರೇ. ಕಣ್ಣು ಕಟ್ಟಿಕೊಂಡು ಹೊಡೆಯುವುದೂ ಹೊಸತಲ್ಲ. ನಮ್ಮ ಕಡೆ ಇಗರ್ಜಿ ವಠಾರದಲ್ಲಿ, ಶಾಲೆಯ ಮೈದಾನದಲ್ಲಿ ಮಡಕೆ ಒಡೆಯುವ ಆಟ ಯಾರು ಆಡಿಲ್ಲ? ಆದರೆ ನಮ್ಮಲ್ಲಿ ಒಡೆಯುವುದು ಮಡಕೆಯನ್ನು. ನಕ್ಷತ್ರ ಅಂದರೆ ಕ್ರಿಸ್ಮಸ್ಸಿಗೆ ಮನೆಯೆದುರು ತೂಗು ಹಾಕುವುದು, ಗಾಳಿಗೂ ಇಬ್ಬನಿಗೂ ಜಗ್ಗದೆ ಜನವರಿಯ ಮೂರು ರಾಯರ ಹಬ್ಬದವರೆಗೆ ನಿಲ್ಲಬೇಕಾದದ್ದು. ಊರಿನಲ್ಲಿದ್ದಾಗ ವರ್ಷವರ್ಷವೂ ನಕ್ಷತ್ರದ ಸ್ಪರ್ಧೆಯಲ್ಲಿ ಬಹುಮಾನ ಹೊಡೆದವನು ಬೊನಿಫಾಸ್. ಭೋಜರಾಜ ಕೆಲಸ ಅವನಿಗೇ ಒಪ್ಪಿಸಿದ. ಇಬ್ಬರ ನಡುವಿನ ಮುನಿಸು ಹೀಗಾದರೂ ಇಳಿಯಲಿ ಎಂದು ಅವನ ಲೆಕ್ಕಾಚಾರ.

ಬೊನಿಫಾಸ್ ಬಿದಿರು ಹುಡುಕಲಿಲ್ಲ. ಗ್ಯಾರೇಜಿನಿಂದ ಕಬ್ಬಿಣದ ಸರಳು ತಂದು ಬೆಸುಗೆ ಹಾಕಿದ. ಸರಳಿನ ಮೇಲೆ ಜಾಲರಿ, ಜಾಲರಿಯ ಮೇಲೆ ಕಾಗದ, ಕಾಗದದ ಮೇಲೆ ಕಾರಿಗೆ ಬಳಿಯುವ ಪುಟ್ಟಿ. ಮಿಠಾಯಿ ತುಂಬಲು ತಳದಲ್ಲಿ ಒಂದು ಸಣ್ಣ ಬಾಗಿಲು, ಅದಕ್ಕೊಂದು ಸ್ಕ್ರೂ. ಕೊನೆಗೆ ಒಂದೊಂದು ಮೂಲೆಗೆ ಒಂದೊಂದು ಕಾರಿನ ಬಣ್ಣ. ವಾರವಿಡೀ ಮನೆಯ ನಡುಕೋಣೆಯಲ್ಲಿ ಕೂತು ಉಜ್ಜಿದ, ಶಿಳ್ಳೆ ಹಾಕಿದ, ಕೈ ಎತ್ತಲಿಲ್ಲ. ಎಸ್ತರ್‌ಗೆ ಆ ಶಾಂತಿ ಎಷ್ಟು ಹಿತವಾಯಿತೆಂದರೆ ಅವಳು ಎಚ್ಚರ ತಪ್ಪಿ ಮಾತಾಡಿದಳು.

"ಕೇಳಿತಾ, ಅದು ಮಕ್ಕಳು ಹೊಡೆದರೆ ಒಡೆಯಬೇಕಂತಲ್ಲ? ಇಷ್ಟು ಗಟ್ಟಿ ಮಾಡಿದರೆ ಹೇಗೆ?"

ಅವನ ಕೈಯಲ್ಲಿದ್ದ ಉಜ್ಜುವ ಮರದ ತುಂಡು ನೇರ ಅವಳ ಹೆಗಲೆಲುಬಿಗೆ ಬಂದು ಬಡಿಯಿತು. ಆಮೇಲೆ ಎದ್ದು ಬಂದ. ಕೂದಲಿಗೆ ಕೈ ಹಾಕಿ ಅವಳ ಮುಖವನ್ನು ನಕ್ಷತ್ರದ ಕೆಂಪು ಮೂಲೆಗೆ ಒತ್ತಿ ಹಿಡಿದ. ಹಸಿ ಬಣ್ಣ ಕೆನ್ನೆಗೆ ಮೆತ್ತಿತು, ಥಿನ್ನರಿನ ವಾಸನೆಗೆ ಕಣ್ಣು ಉರಿಯಿತು.

"ನನಗೆ ಕೆಲಸ ಕಲಿಸ್ತೀಯಾ? ನಾನು ಮಾಡಿದ್ದು ಒಡೆಯುವುದಿಲ್ಲ, ತಿಳೀತಾ? ಯಾರ ಅಪ್ಪ ಬಂದು ಹೊಡೆದರೂ ಒಡೆಯುವುದಿಲ್ಲ."

ಬಾಗಿಲ ಬಳಿ ರೋಸ್ ನಿಂತಿದ್ದಳು. ಎಸ್ತರ್ ಮಗಳಿಗೆ ಕಣ್ಣಿನಲ್ಲೇ ಒಳಗೆ ಹೋಗೆಂದು ಸನ್ನೆ ಮಾಡಿದಳು. ಅವನು ಕೂದಲು ಬಿಟ್ಟು, ಕೆಟ್ಟುಹೋದ ಕೆಂಪು ಮೂಲೆಗೆ ಇನ್ನೊಂದು ಸಲ ಬಣ್ಣ ಹೊಡೆದು, ಕೈ ತೊಳೆದು ಊಟಕ್ಕೆ ಕೂತ. ಸಾರಿಗೆ ಉಪ್ಪು ಸರಿಯಾಗಿದೆ ಅಂದ.

ಕುಟುಂಬ ದಿನ ಬಂತು. ಮ್ಯೂಸಿಯಮ್ಮಿನ ಅಂಗಳದಲ್ಲಿ ದೊಡ್ಡ ಬೇವಿನ ಮರ, ಅದರ ನೆರಳಲ್ಲಿ ಕುರ್ಚಿಗಳು. ಒಳಗೆ ಮಕ್ಕಳು ಡಬ್ಬಿಗೆ ಅಕ್ಕಿ ತುಂಬಿ ಗಿಲಕಿ ಮಾಡುತ್ತಿದ್ದರು. ಪಿಲಾರ್ ಕೆಂಪು ಲಂಗ ಬೀಸಿ ಕುಣಿದಳು, ಚಪ್ಪಾಳೆ ಬಿತ್ತು. ನಮ್ಮ ಬಳಗದವರು ಕೊಂಕಣಿ ಬೈಲಾ ಹಾಡಿದರು, ಅದಕ್ಕೆ ಜೋರು ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಸಾಲಿಂ ಅರ್ಬಾಬ್ ಕೂತಿದ್ದ. ನಕ್ಷತ್ರ ತನ್ನ ಗ್ಯಾರೇಜಿನದೆಂದು ಅವನಿಗೂ ಖುಷಿ.

ನಕ್ಷತ್ರವನ್ನು ಕೊಂಬೆಗೆ ಏರಿಸಿದಾಗ ಎಲ್ಲರೂ ಆಹಾ ಅಂದದ್ದು ನಿಜ. ಬೊನಿಫಾಸ್ ಹಗ್ಗದ ತುದಿಯನ್ನು ಬಲಗೈಗೆ ಸುತ್ತಿಕೊಂಡು ಅಂಗಳದಂಚಿನ ಒಂದು ಕಂಬದ ಪಕ್ಕ ನಿಂತ. ಹಗ್ಗ ಹಿಡಿದವನು ಅದನ್ನು ಮೇಲೆ ಕೆಳಗೆ ಆಡಿಸಿ ಹೊಡೆಯುವವರನ್ನು ಸತಾಯಿಸಬೇಕು, ಆಟದ ಕ್ರಮವೇ ಹಾಗೆ. ಪಿಲಾರ್ ಕಪ್ಪು ಬಟ್ಟೆಯಿಂದ ಮಕ್ಕಳ ಕಣ್ಣು ಕಟ್ಟಿ, ಮೂರು ಸುತ್ತು ತಿರುಗಿಸಿ, ಬಣ್ಣದ ಕೋಲು ಕೊಟ್ಟು ಬಿಡುತ್ತಿದ್ದಳು. "ಎಡಕ್ಕೆ! ಬಲಕ್ಕೆ! ಮುಂದೆ!" ಎಂದು ಇಡೀ ಅಂಗಳ ಕೂಗುತ್ತಿತ್ತು, ಅರ್ಧ ಜನ ಬೇಕೆಂದೇ ತಪ್ಪು ದಾರಿ ಹೇಳುತ್ತಿದ್ದರು.

ಮೊದಲ ಮಗು ಹೊಡೆದಾಗ ಠಣ್ ಎಂದಿತು. ಎರಡನೆಯದು ಹೊಡೆದಾಗಲೂ ಠಣ್. ದಪ್ಪನೆಯ ಇಂಗ್ಲಿಷ್ ಹುಡುಗನೊಬ್ಬ ಇದ್ದ ಶಕ್ತಿಯೆಲ್ಲ ಹಾಕಿ ಬೀಸಿದ. ಕೋಲು ಎರಡು ತುಂಡಾಗಿ, ಒಂದು ತುಂಡು ಸಮೋಸದ ತಟ್ಟೆಗೆ ಬಿತ್ತು. ನಕ್ಷತ್ರದ ಬಣ್ಣ ಒಂದು ಚೂರು ಎದ್ದಿತು, ಅಷ್ಟೇ. ಮೊದಲು ಒಂದಿಬ್ಬರು ನಕ್ಕರು. ಮತ್ತೆ ಎಲ್ಲರೂ ನಕ್ಕರು.

"ಬೊನಿಫಾಸ್ ಪೊರ್ಬುಗಳೇ, ಇದು ನಕ್ಷತ್ರವಾ ಅಲ್ಲ ಲ್ಯಾಂಡ್‌ಕ್ರೂಸರಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಅರ್ಬಾಬನಿಗೆ ಭೋಜರಾಜ ಅದನ್ನು ಅರಬ್ಬಿಯಲ್ಲಿ ಹೇಳಿದ. ಅವನು ತೊಡೆ ತಟ್ಟಿಕೊಂಡು ನಕ್ಕ.

ಬೊನಿಫಾಸ್ ಹಲ್ಲು ಬಿಟ್ಟು ನಗುತ್ತಿದ್ದ. ಅವನ ಕಿವಿಯ ತುದಿ ಕೆಂಪಾದದ್ದನ್ನು ನೋಡಿದವಳು ಎಸ್ತರ್ ಒಬ್ಬಳೇ. ಈ ನಗುವಿನ ಒಂದೊಂದು ಹನಿಯೂ ಸಂಜೆ ತನ್ನ ಮೈಮೇಲೆ ಇಳಿಯಲಿದೆ ಎಂದು ಅವಳಿಗೆ ಗೊತ್ತಾಯಿತು.

ಆಗ ರೋಸ್‌ನ ಸರದಿ. ಮಗು ಕೋಲು ಹಿಡಿದು ಒಂದು ಏಟು ಹೊಡೆಯಿತು, ಕಣ್ಣಿನ ಬಟ್ಟೆಯನ್ನು ತಾನೇ ಕಳಚಿತು. ಪಿಲಾರ್ ಕಡೆಗೆ ತಿರುಗಿ, ಮಕ್ಕಳು ನಿಜ ಹೇಳುವ ಹಾಗೆ, "ಇಟ್ ವೋಂಟ್ ಬ್ರೇಕ್, ಆಂಟಿ. ಡ್ಯಾಡಿ ಪುಟ್ ಐರನ್ ಇನ್‌ಸೈಡ್" ಅಂದಳು.

"ಐರನ್?" ಪಿಲಾರ್ ಬಾಯಿ ತೆರೆದಳು. "ಫಾರ್ ಚಿಲ್ಡ್ರನ್?"

ಈ ಸಲ ಎದ್ದ ನಗು ಬೇವಿನ ಮರದ ಕಾಗೆಗಳನ್ನೂ ಎಬ್ಬಿಸಿತು. ಬೊನಿಫಾಸ್ ಹಗ್ಗವನ್ನು ಕಂಬಕ್ಕೆ ಬಿಗಿದು, ನಗುತ್ತಲೇ ಬಂದು, ಮಗಳ ತೋಳು ಹಿಡಿದು, ಹೂಜಿ ಮಡಕೆಗಳಿಟ್ಟ ಕೋಣೆಯ ಹಿಂದಿನ ಓಣಿಗೆ ಕರೆದುಕೊಂಡು ಹೋದ. ನೋಡುವವರಿಗೆ ಅಪ್ಪ ಮಗಳನ್ನು ನೀರು ಕುಡಿಸಲು ಕರೆದೊಯ್ದ ಹಾಗಿತ್ತು. ಎಸ್ತರ್ ಓಡಿದಳು. ಕುರ್ಚಿಗಳ ನಡುವೆ ದಾರಿ ಸಿಗುವಷ್ಟರಲ್ಲಿ ಶಬ್ದ ಕೇಳಿಸಿತು. ಒಂದು, ಮತ್ತೆ ಇನ್ನೊಂದು. ಎರಡನೆಯದು ಕೈಯದ್ದಲ್ಲ, ತಲೆ ಗೋಡೆಗೆ ತಾಗಿದ್ದು. ಅವನು ಓಣಿಯಿಂದ ಅಂಗಿ ಸರಿಮಾಡಿಕೊಳ್ಳುತ್ತ ಹೊರಗೆ ಬಂದು, ಎಸ್ತರಳನ್ನು ದಾಟಿ, "ಗಾಡಿಯಲ್ಲಿ ಒಳ್ಳೇ ಕೋಲು ಉಂಟು, ತರ್ತೇನೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನಡೆದ.

ರೋಸ್ ಹಿಂದಿನಿಂದ ಬಂದಳು. ಕಪ್ಪು ಬಟ್ಟೆಯನ್ನು ಮುದ್ದೆ ಮಾಡಿ ಎಡಗಿವಿಗೆ ಒತ್ತಿಕೊಂಡಿದ್ದಳು. ಹುಬ್ಬಿನ ಮೇಲೆ ಸುಣ್ಣದ ಪುಡಿ, ಅದರೊಳಗಿನಿಂದ ರಕ್ತ ಇಣುಕುತ್ತಿತ್ತು. ಅಳುತ್ತಿರಲಿಲ್ಲ. ಮಾರ್ಗರೆಟ್ ಬಾಯಿ ಎದ್ದು ಬಂದು ಗಲ್ಲ ಹಿಡಿದಳು.

"ಅಯ್ಯೋ ದೇವಾ, ಎಂತ ಆಯ್ತು ಪುತಾ?"

ರೋಸ್ ತಲೆ ತಿರುಗಿಸಿ ಬಲಗಿವಿ ಕೊಟ್ಟಳು, ಪ್ರಶ್ನೆ ಅರ್ಥಮಾಡಿಕೊಂಡಳು, ಅಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು: "ಐ ಸ್ಲಿಪ್ಡ್."

"ಜಾರಿದ್ದಾ? ಜಾಗ್ರತೆ ಪುತಾ, ಈ ಟೈಲ್ಸ್ ಬಹಳ ಜಾರ್ತದೆ" ಎಂದು ಮಾರ್ಗರೆಟ್ ಬಾಯಿ ತನ್ನ ಕುರ್ಚಿಗೆ ಮರಳಿದಳು.

ಎಸ್ತರ್ ನಿಂತಲ್ಲೇ ನಿಂತಳು. ಬೆಲ್ಟಿನ ಏಟಿಗೆ ಹರಿಯದ ಏನೋ ಒಂದು ಅವಳೊಳಗೆ ಆಗ ಹರಿಯಿತು. ಆ ಮಾತನ್ನು ಮಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮನ ಬಾಯಿಂದ ಕೇಳಿ ಕೇಳಿ ಕಲಿತಿದ್ದಳು, ಅನ್ನ ಕಲಸಿ ತಿನ್ನುವುದನ್ನು ಕಲಿತ ಹಾಗೆ. ಇನ್ನು ಅವಳು ಇದನ್ನೇ ಹೇಳುತ್ತಾಳೆ. ಶಾಲೆಯಲ್ಲಿ ಹೇಳುತ್ತಾಳೆ, ನಾಳೆ ಮದುವೆಯಾದ ಮನೆಯಲ್ಲೂ ಹೇಳುತ್ತಾಳೆ. ಎಸ್ತರ್‌ಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಎಂದೂ ಬಾರದಷ್ಟು ಸಿಟ್ಟು ಬಂತು.

ಬೊನಿಫಾಸ್ ಪಿಕ್ಕಾಸಿನ ಮರದ ಹಿಡಿ ಹಿಡಿದುಕೊಂಡು ಬಂದ. ಅಗಲವಾಗಿ ನಗುತ್ತ "ಮಕ್ಕಳಿಂದ ಆಗದಿದ್ದರೆ ದೊಡ್ಡವರು ನೋಡಲಿ" ಎಂದು ಅದನ್ನು ಮೇಜಿನ ಮೇಲಿಟ್ಟು, ಹಗ್ಗ ಬಿಚ್ಚಿ ಮತ್ತೆ ಕೈಗೆ ಸುತ್ತಿಕೊಂಡ.

"ಅಮ್ಮಂದಿರು! ಅಮ್ಮಂದಿರ ಸರದಿ!" ಎಂದು ಪಿಲಾರ್ ಇಂಗ್ಲಿಷಿನಲ್ಲಿ ಕೂಗಿದಳು.

"ನಾನು ಹೊಡೀತೇನೆ" ಎಂದು ಎಸ್ತರ್ ಮುಂದೆ ಬಂದು ಮೇಜಿನ ಮೇಲಿನ ಹಿಡಿ ಎತ್ತಿಕೊಂಡಳು. ಯಾರೋ ಶಿಳ್ಳೆ ಹೊಡೆದರು.

ಕಣ್ಣು ಕಟ್ಟುವ ಕಪ್ಪು ಬಟ್ಟೆ ರೋಸ್‌ನ ಕಿವಿಯಲ್ಲಿತ್ತು. ಅದನ್ನು ಕೇಳುವ ಧೈರ್ಯ ಪಿಲಾರ್‌ಗೂ ಬರಲಿಲ್ಲ. ಹರಿಣಾಕ್ಷಿ ಎದ್ದು ತನ್ನ ಚೂಡಿದಾರದ ನೀಲಿ ವೇಲು ತೆಗೆದು ಎಸ್ತರಳ ಕಣ್ಣಿಗೆ ಕಟ್ಟಿದಳು. ಒಂದೇ ಸುತ್ತು. ಓಣಿಯ ಆ ಎರಡು ಶಬ್ದ ಹರಿಣಾಕ್ಷಿಯೂ ಕೇಳಿದ್ದಳು.

ಮೂರು ಸುತ್ತು ತಿರುಗಿಸಿ ಬಿಟ್ಟರು. ಎಸ್ತರ್ ಕಣ್ಣು ತೆರೆದಳು. ತೆಳುವಾದ ಜಾರ್ಜೆಟ್ಟಿನ ಆಚೆ ಅಂಗಳವೆಲ್ಲ ನೀಲಿಯಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಮರ, ನಕ್ಷತ್ರ, ಅದರ ಕೆಂಪು ಮೂಲೆ, ಅರ್ಬಾಬನ ಬಿಳಿ ಬಟ್ಟೆ. ಕಂಬದ ಪಕ್ಕ ಬಲಗೈಗೆ ಹಗ್ಗ ಸುತ್ತಿಕೊಂಡು ನಿಂತ ಗಂಡ.

"ಬಲಕ್ಕೆ ಎಸ್ತರ್!" "ಇಲ್ಲ, ಮುಂದೆ ಮುಂದೆ!"

"ಎಡಕ್ಕೆ ಹೋಗು!" ಬೊನಿಫಾಸ್‌ನ ದನಿ ಎಲ್ಲಕ್ಕಿಂತ ಮೇಲಿತ್ತು. "ಎಡ ಬಲ ಗೊತ್ತಿಲ್ವಾ ನಿನಗೆ? ಕತ್ತೆ!"

ಜನ ನಕ್ಕರು. ಎಸ್ತರ್ ನಕ್ಷತ್ರದ ಕೆಳಗೆ ಹಾದು ಆಚೆ ಬಂದಳು. "ತಪ್ಪಿತು, ತಪ್ಪಿತು!" ಎಂದು ಕೂಗು. ಅವಳು ನಿಲ್ಲಲಿಲ್ಲ. ಅವನು ನಗುತ್ತಲೇ ಇದ್ದ. ಅವಳು ತೀರ ಹತ್ತಿರ ಬಂದಾಗ "ಏ, ಇಲ್ಲಿ ನಾನಿದ್ದೇನೆ, ಕುರುಡಿ" ಅಂದ.

ಎಸ್ತರ್ ಎರಡೂ ಕೈಯಿಂದ ಹಿಡಿ ಎತ್ತಿ ಅವನ ಬಲಗೈಯ ಮೇಲೆ ಇಳಿಸಿದಳು.

ಒಣಗಿದ ತೆಂಗಿನ ಮಡಲು ಮುರಿದ ಹಾಗೆ ಶಬ್ದ ಬಂತು. ಮುಂಗೈ ನಡುವಿನಲ್ಲಿ, ಎಲ್ಲಿ ಬಾಗಬಾರದೋ ಅಲ್ಲಿ ಬಾಗಿತು. ಹಗ್ಗ ಜಾರಿ, ನಕ್ಷತ್ರ ಕೊಂಬೆಯಿಂದ ಕಳಚಿ ಟೈಲ್ಸಿನ ಮೇಲೆ ಅಪ್ಪಳಿಸಿತು. ತಳದ ಬಾಗಿಲು ಕಿತ್ತು ಮಿಠಾಯಿಗಳು ಚೆಲ್ಲಿದವು. ಮಕ್ಕಳು ಕಿರುಚುತ್ತ ಅದಕ್ಕೆ ಮುಗಿಬಿದ್ದರು. ಅವರ ಗದ್ದಲದೊಳಗೆ ಬೊನಿಫಾಸ್‌ನ ಕೂಗು ಮುಚ್ಚಿಹೋಯಿತು. ಎರಡನೆಯ ಏಟು ಹೆಗಲೆಲುಬಿಗೆ ಬಿತ್ತು, ತನಗೆ ಮರದ ತುಂಡು ತಾಗಿದ ಅದೇ ಜಾಗಕ್ಕೆ. ಅವನು ಮೊಣಕಾಲೂರಿದ. ಮೂರನೆಯದಕ್ಕೆ ಹಿಡಿ ಮೇಲೆ ಹೋಯಿತು. ಅವನ ತಲೆ ಸರಿಯಾಗಿ ಕೆಳಗಿತ್ತು. ಹೊಡೆಯಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಅವನ ಹಿಂದೆ, ನೀಲಿ ಬಟ್ಟೆಯ ಆಚೆ, ರೋಸ್ ನಿಂತು ನೋಡುತ್ತಿದ್ದಳು. ಎಸ್ತರ್ ಎತ್ತಿದ ಹಿಡಿಯನ್ನು ತಗ್ಗಿಸಿದಳು, ಕೈಬಿಡಲಿಲ್ಲ.

ಆಗ ಶುರುವಾಯಿತು ನಮ್ಮವರ ಉಪಚಾರ. "ಅಯ್ಯೋ, ಕಣ್ಣು ಕಟ್ಟಿತ್ತಲ್ಲ ಪಾಪ!" "ದಾರಿ ತಪ್ಪಿತು ಅವಳಿಗೆ!" ಮಾರ್ಗರೆಟ್ ಬಾಯಿ ಎಲ್ಲರಿಗಿಂತ ಮೊದಲು "ಆಕ್ಸಿಡೆಂಟ್, ಆಕ್ಸಿಡೆಂಟ್" ಎಂದು ಪಿಲಾರ್‌ಗೆ ತಿಳಿಸಿ ಹೇಳಿದಳು. ನೆಲದ ಮೇಲಿದ್ದ ಬೊನಿಫಾಸ್ ಬೆವರಿನಲ್ಲಿ ಮುಳುಗಿದ್ದ. ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದೆನೆಂದು ಅರ್ಬಾಬನ ಎದುರು ಒಪ್ಪುವುದಕ್ಕಿಂತ ಸಾಯುವುದು ಮೇಲು ಅನ್ನಿಸಿರಬೇಕು. ಹಲ್ಲು ಕಚ್ಚಿ "ಅವಳಿಗೆ ಕಾಣಲಿಲ್ಲ, ಆಕ್ಸಿಡೆಂಟ್" ಎಂದ. ಅರ್ಬಾಬನೂ "ಹಾದಿಸ್, ಹಾದಿಸ್" ಎಂದು ತಲೆಯಾಡಿಸಿದ. ಅದೂ ಅಪಘಾತವೆಂದೇ.

ಎಷ್ಟು ಸಲೀಸು! ಎಲ್ಲರೂ ಸೇರಿ ಆಗಲೇ ಪುಟ್ಟಿ ಬಳಿದಾಗಿತ್ತು, ಬಣ್ಣ ಹೊಡೆಯುವುದೊಂದೇ ಬಾಕಿ. ಸುಮ್ಮನಿದ್ದರೆ ಎಸ್ತರ್ ಬಚಾವು. ಬೇಕೆಂದೇ ಹೊಡೆದೆ ಅಂದರೆ ಪೊಲೀಸು, ಜೈಲು, ಪರದೇಶ. ಮಗಳ ಗತಿ ಏನೋ. ಸುಮ್ಮನಿದ್ದರೆ ಅವನ ಕೈಗೆ ಪ್ಲಾಸ್ಟರು ಬೀಳುತ್ತದೆ, ಪ್ಲಾಸ್ಟರು ಬಿಚ್ಚುತ್ತದೆ, ಆಮೇಲೆ ಆ ಕೈ ಮತ್ತೆ ಏಳುತ್ತದೆ. ರೋಸ್ ಮತ್ತೆ ಜಾರುತ್ತಾಳೆ.

ಎಸ್ತರ್ ವೇಲು ಬಿಚ್ಚಿದಳು. ಮಾರ್ಗರೆಟ್ ಬಾಯಿಯ ಎದುರು ಹೋಗಿ ಅದನ್ನು ಅವಳ ಕಣ್ಣಿನ ಮುಂದೆ ಹಿಡಿದಳು.

"ನೋಡಿ ಬಾಯಿ. ನನ್ನ ಮುಖ ಕಾಣ್ತದಾ?"

ಮಾರ್ಗರೆಟ್ ಬಾಯಿ ಮುಖ ಪಕ್ಕಕ್ಕೆ ತಿರುಗಿಸಿದಳು.

"ಕಾಣ್ತದೆ. ನನಗೂ ಎಲ್ಲ ಕಾಣ್ತಿತ್ತು." ಎಸ್ತರ್ ವೇಲನ್ನು ಹೆಗಲಿಗೆ ಹಾಕಿಕೊಂಡಳು. "ನೋಡಿಯೇ ಹೊಡೆದದ್ದು ನಾನು. ಇವರು ಈಗ ಓಣಿಯಲ್ಲಿ ನನ್ನ ಮಗಳ ತಲೆಯನ್ನು ಗೋಡೆಗೆ ಬಡಿದರು. ನನ್ನನ್ನು ಬೆಲ್ಟಿನಲ್ಲಿ ಹೊಡೆದಿದ್ದಾರೆ, ರಾಡಿನಲ್ಲಿ ಹೊಡೆದಿದ್ದಾರೆ. ನಾನು ಬಾತ್‌ರೂಮಿನಲ್ಲಿ ಜಾರಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಜಾರಲಿಲ್ಲ ಬಾಯಿ. ನಿಮ್ಮ ಕಾಲೊರಸು ಹೊಸದಾಗಿಯೇ ಉಂಟು, ಬಂದು ತೆಗೆದುಕೊಂಡು ಹೋಗಿ."

ರೋಸ್ ಬಂದು ಅಮ್ಮನ ಸೀರೆ ಹಿಡಿದಳು. ಕಿವಿಯಿಂದ ಕಪ್ಪು ಬಟ್ಟೆ ತೆಗೆದಳು. ಇಂಗ್ಲಿಷ್ ಬಿಟ್ಟು, ಮನೆಯ ಕೊಂಕಣಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ತಾನೂ ಜಾರಿರಲಿಲ್ಲ ಎಂದಳು.

"ಹೇಳಿ" ಎಂದು ಹರಿಣಾಕ್ಷಿ ಗಂಡನ ಬೆನ್ನಿಗೆ ತಿವಿದಳು. "ಅರ್ಬಾಬನಿಗೆ ಹೇಳಿ. ಒಂದಕ್ಷರ ಬಿಡದೆ ಹೇಳಿ."

ಭೋಜರಾಜ ಗಂಟಲು ಸರಿಮಾಡಿಕೊಂಡು ಅರಬ್ಬಿಯಲ್ಲಿ ಹೇಳಿದ. ಬೆಲ್ಟು ಹೇಳಿದ, ಗೋಡೆ ಹೇಳಿದ, ಜಾರದಿದ್ದದ್ದನ್ನೂ ಹೇಳಿದ. ಸಾಲಿಂ ಅರ್ಬಾಬ್ ಕೂತಲ್ಲಿಂದ ಎದ್ದು ಬಂದು, ಬಗ್ಗಿ, ರೋಸ್‌ನ ಕಿವಿಯನ್ನೂ ಹುಬ್ಬನ್ನೂ ತುಂಬ ಹೊತ್ತು ನೋಡಿದ. ಮತ್ತೆ ಬೊನಿಫಾಸ್‌ನ ಮುಂದೆ ಹೋಗಿ ನಿಂತ.

"ಪೊಲೀಸರನ್ನು ಕರೆಯಬೇಕೋ? ಕರೆದರೆ ಅವರು ಮೊದಲು ಈ ಮಗುವಿನ ಮುಖ ನೋಡುತ್ತಾರೆ" ಎಂದ. ಭೋಜರಾಜ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ, ಬೊನಿಫಾಸ್‌ಗೆ ಅಷ್ಟು ಅರಬ್ಬಿ ಬರುತ್ತಿತ್ತು. ಅವನು ಬೇಡವೆಂದು ತಲೆಯಾಡಿಸಿದ.

"ಖಲಾಸ್" ಎಂದ ಅರ್ಬಾಬ್. ಅಂಗೈ ಚಾಚಿದ. "ಕಪಾಟಿನ ಕೀಲಿಕೈ. ಅಮ್ಮ ಮಗಳ ಪಾಸ್‌ಪೋರ್ಟು ಬೇಕು."

ಕೀಲಿಕೈ ಗೊಂಚಲು ಬೊನಿಫಾಸ್‌ನ ಬಲಸೊಂಟದಲ್ಲಿ, ಬೆಲ್ಟಿಗೆ ಸಿಕ್ಕಿಸಿತ್ತು. ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಎಡಗೈಯನ್ನು ಮೈ ಸುತ್ತ ತಂದು ಅವನು ಕೊಕ್ಕೆ ಬಿಚ್ಚಲು ನೋಡಿದ, ಬೆರಳು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ತಲೆಯೆತ್ತಿ ಎಸ್ತರಳನ್ನು ನೋಡಿದ. ಶರಟಿನ ಗುಂಡಿಯಿಂದ ಹಿಡಿದು ಬೂಟಿನ ದಾರದವರೆಗೆ ಎಲ್ಲವನ್ನೂ ಬಿಚ್ಚಿಕೊಟ್ಟವಳು ಅವಳೇ ತಾನೇ.

ಎಸ್ತರ್ ಪಿಕ್ಕಾಸಿನ ಹಿಡಿಯನ್ನು ಕೆಳಗಿಡಲಿಲ್ಲ. ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದುಕೊಂಡು, ಅವನು ಅದನ್ನು ಬಿಚ್ಚಿ ಕೊಡುವವರೆಗೆ ಅಲ್ಲೇ ನಿಂತಳು.